ಬರೋಕ್ ವಾದ್ಯಗಾರರ ತಿರುಗಾಟ: ನಮ್ಮ ನಾಟಕ-ಕಛೇರಿಗೆ ಸ್ವಲ್ಪ ಸಲಹೆ ಬೇಕು

ಎಲ್ಬೆ_ದಡ

ಎಲ್ಲರಿಗೂ ನಮಸ್ಕಾರ. ಹ್ಯಾಂಬರ್ಗ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿ ನಾವು ನಾಲ್ಕು ಜನ ಸೇರಿ ಶನಿವಾರ ಶನಿವಾರ ಹಳೇ ಸಂಗೀತ ನುಡಿಸುತ್ತೇವೆ. ಹಳೇದು ಅಂದರೆ 1700ರ ಆಸುಪಾಸಿನ ಯುರೋಪಿನದು, ಬರೋಕ್ ಅಂತಾರೆ. ಯಾರೂ ವೃತ್ತಿಯವರಲ್ಲ. ನನ್ನದು ಪಿಟೀಲು. ಚಿಕ್ಕಂದಿನಲ್ಲಿ ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿ ವರ್ಣ ನುಡಿಸಿದವನು. ನಿಂತು ನುಡಿಸೋದು ಕಲಿಯೋಕೆ ಎರಡು ವರ್ಷ ಹಿಡಿಯಿತು. ಇನ್ನೊಬ್ಬರದು ವಯೋಲಾ ದ ಗಾಂಬಾ, ವೀಣೆಯ ಹಾಗೆ ಮೆಟ್ಟಿಲು ಇರುವ, ಮಂಡಿಗಳ ಮಧ್ಯೆ ಹಿಡಿದು ಕಮಾನು ಎಳೆಯುವ ವಾದ್ಯ. ಒಬ್ಬರು ಹಾರ್ಪ್ಸಿಕಾರ್ಡ್, ಅಂದರೆ ಮಣೆ ಒತ್ತಿದರೆ ಒಳಗೆ ತಂತಿ ಮೀಟುವ, ಪಿಯಾನೋ ಥರದ ವಾದ್ಯ. ಒಬ್ಬರು ಕೊಳಲು.

ಈ ಸಲ ಸುಮ್ನೆ ಕೂತು ನುಡಿಸೋದು ಬೇಡ, ಆ ಕಾಲದ ವಾದ್ಯಗಾರರು ಊರೂರು ತಿರುಗಿದ್ದನ್ನು ನಾಟಕದ ಹಾಗೆ ಕಟ್ಟೋಣ ಅಂತ ಮಾತಾಯಿತು. ಬರೆಯೋ ಕೆಲಸ ನನ್ನ ತಲೆಗೆ ಬಂತು. ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಜರ್ಮನ್‌ಗೆ ತರುತ್ತೇನೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕಥೆ ನಮ್ಮೂರಿನದೇ. 1703ರ ಆಗಸ್ಟ್ 17. ಹ್ಯಾಂಬರ್ಗ್‌ನಿಂದ ಲ್ಯೂಬೆಕ್‌ಗೆ ಹೊರಟ ಅಂಚೆ ಗಾಡಿಯಲ್ಲಿ ಇಬ್ಬರು ಹುಡುಗರು. ಒಬ್ಬ ಹ್ಯಾಂಡೆಲ್, ಮುಂದೆ ದೊಡ್ಡ ಸಂಗೀತಗಾರನಾದವನು, ಆಗ 18 ವರ್ಷ. ಇನ್ನೊಬ್ಬ ಯೋಹಾನ್ ಮಟೆಸೋನ್, 21 ವರ್ಷ, ಹಾಡುತ್ತಿದ್ದ, ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದ, ಬಾಯಿಯೂ ಜೋರು. ಜೊತೆಗೆ ಒಬ್ಬ ಪಾರಿವಾಳದ ವ್ಯಾಪಾರಿ. ಇವನನ್ನು ನಾನು ಹುಟ್ಟಿಸಿದ್ದಲ್ಲ! ಮಟೆಸೋನ್ ಅರವತ್ತರ ಹತ್ತಿರ ಬಂದಾಗ ತಾನೇ ನೆನೆಸಿಕೊಂಡು ಬರೆದಿದ್ದಾನೆ. ದಾರಿಯುದ್ದಕ್ಕೂ ಇಬ್ಬರೂ ಲೇಖನಿ ಮುಟ್ಟದೆ, ತಲೆಯಲ್ಲೇ ಜೋಡಿ ಫ್ಯೂಗ್ ಕಟ್ಟುತ್ತಾ ಹೋದರಂತೆ. ಫ್ಯೂಗ್ ಅಂದರೆ ಒಂದೇ ಸಾಲನ್ನು ಒಬ್ಬರ ಹಿಂದೆ ಒಬ್ಬರು ಎತ್ತಿಕೊಂಡು ಹೆಣೆಯುವುದು. ಜೋಡಿ ಅಂದರೆ ಅಂಥ ಎರಡು ಸಾಲು ಒಟ್ಟಿಗೆ. ಕುಲುಕಾಡುವ ಗಾಡಿಯಲ್ಲಿ, ಪಾರಿವಾಳದವನ ಪಕ್ಕ ಕೂತು!

ಹೋದದ್ದು ಯಾಕೆ? ಲ್ಯೂಬೆಕ್‌ನ ಸಂತ ಮೇರಿ ಚರ್ಚಿನಲ್ಲಿ ಬುಕ್ಸ್ಟೆಹೂಡೆ ಎಂಬ ದೊಡ್ಡ ಆರ್ಗನ್ ವಿದ್ವಾಂಸ. ಆರ್ಗನ್ ಅಂದರೆ ತಿದಿಯ ಗಾಳಿಯಿಂದ ಕೊಳವೆಗಳು ನುಡಿಯುವ ಚರ್ಚಿನ ವಾದ್ಯ. ವಯಸ್ಸಾಗಿತ್ತು, ಆ ಜಾಗಕ್ಕೆ ಮುಂದಿನವರನ್ನು ಹುಡುಕುತ್ತಿದ್ದರು. ಕರೆ ಬಂದದ್ದು ಮಟೆಸೋನ್‌ಗೆ. ಅವನು ಗೆಳೆಯನನ್ನೂ ಎಳೆದುಕೊಂಡು ಹೋದ. ಅಲ್ಲಿ ಹೋದ ಮೇಲೆ ತಿಳಿದದ್ದು, ಕೆಲಸದ ಜೊತೆ ಬುಕ್ಸ್ಟೆಹೂಡೆಯ ಮಗಳನ್ನೂ ಮದುವೆ ಆಗಬೇಕು ಅಂತ. ಇಬ್ಬರೂ ಊರಿನ ಆರ್ಗನ್ನುಗಳನ್ನೆಲ್ಲ ನುಡಿಸಿ ನೋಡಿ, ಸತ್ಕಾರ ಮಾಡಿಸಿಕೊಂಡು, ವಾಪಸ್ ಗಾಡಿ ಹತ್ತಿದರು.

ಎರಡು ವರ್ಷದ ಮೇಲೆ, 1705ರಲ್ಲಿ, ಅದೇ ಊರಿಗೆ 20 ವರ್ಷದ ಬಾಖ್ ಬಂದ, ಅವನೂ ಮುಂದೆ ದೊಡ್ಡ ಹೆಸರಾದವನು. ತಾನು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಆರ್ನ್‌ಷ್ಟಾಟ್‌ನಿಂದ ಸುಮಾರು 400 ಕಿಲೋಮೀಟರ್, ಕಾಲ್ನಡಿಗೆಯಲ್ಲಿ.

ನನ್ನ ಕರಡಿನಲ್ಲಿ ನಾಲ್ಕು ದೃಶ್ಯ. ಗಾಡಿ, ಹೆಣ್ಣು ನೋಡೋದು, ದಾರಿಯ ಛತ್ರದಲ್ಲಿ ಹ್ಯಾಂಡೆಲ್ ಮತ್ತು ಬಾಖ್ ಭೇಟಿ, ಕೊನೆಗೆ ಬಾಖ್‌ಗೆ ಬೈಗುಳ. ಎರಡನೆಯದನ್ನು ನಗೆಯ ದೃಶ್ಯ ಮಾಡಿದ್ದೇನೆ. ನಾಟಕ ಗೊತ್ತಿರುವವರು ಏನಾದರೂ ಹೇಳಿ.

ಮಂಗಳೂರ್_ಮದ್ದಲೆ

ಮಾರಾಯ್ರೇ, ಇದಕ್ಕೆ ಹೆಸರು ಹುಡುಕೋದೇ ಬೇಡ. "ತಿರುಗಾಟ" ಅಂತ ಇಟ್ಟುಬಿಡಿ. ನಮ್ಮ ಯಕ್ಷಗಾನ ಮೇಳಗಳೂ ಹಾಗೇ ಅಲ್ವಾ, ಗೆಜ್ಜೆ ಕಟ್ಟಿ ಹೊರಟರೆ ಮಳೆಗಾಲಕ್ಕೆ ಮುಂಚೆ ಪತ್ತನಾಜೆಗೇ ಬಿಚ್ಚುವುದು. ದಿನಕ್ಕೊಂದು ಊರು, ದಿನಕ್ಕೊಂದು ಚೌಕಿ.

ಆ ಮಟೆಸೋನ್-ಹ್ಯಾಂಡೆಲ್ ಜಗಳ ಯಾಕೆ ಬಿಟ್ಟಿರಿ? 1704ರ ಡಿಸೆಂಬರ್, ನಿಮ್ಮ ಹ್ಯಾಂಬರ್ಗ್‌ನಲ್ಲೇ. ಮಟೆಸೋನ್ ಬರೆದ ಕ್ಲಿಯೋಪಾತ್ರ ಒಪೆರಾ. ಅವನದೇ ಆಂಟನಿ ಪಾತ್ರ. ರಂಗದ ಮೇಲೆ ಸತ್ತು, ಎದ್ದು ಕೆಳಗೆ ಬಂದು, "ಏಳು, ಇನ್ನು ಹಾರ್ಪ್ಸಿಕಾರ್ಡ್ ನಾನು ನುಡಿಸುತ್ತೇನೆ" ಅಂದ. ಹ್ಯಾಂಡೆಲ್ ಏಳಲಿಲ್ಲ. ಹೊರಗೆ ಸಂತೆ ಬೀದಿಯಲ್ಲಿ ಕತ್ತಿ ಎಳೆದರು. ಹ್ಯಾಂಡೆಲ್ ಕೋಟಿನ ದೊಡ್ಡ ಲೋಹದ ಗುಂಡಿಗೆ ತಗುಲಿ ಕತ್ತಿ ಮುರಿಯಿತು, ಹುಡುಗ ಉಳಿದ. ಅದೇ ತಿಂಗಳು ಮುಗಿಯೋದರೊಳಗೆ ಇಬ್ಬರೂ ಒಟ್ಟಿಗೆ ಊಟ ಮಾಡಿದರು.

ನಮ್ಮಲ್ಲಿ ವೇಷ ಸತ್ತ ಮೇಲೆ ಬಂದು ಮದ್ದಲೆ ಕೇಳಿದರೆ ಭಾಗವತರು ಸುಮ್ಮನಿರುತ್ತಿದ್ದರಾ?

ಶಾಸ್ತ್ರಿ_ಮೇಷ್ಟ್ರು

ಎಲ್ಬೆ_ದಡ ಅವರೇ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಈ ಥರದ ಕಾರ್ಯಕ್ರಮ ಅಂದರೆ ಸ್ವಲ್ಪ ಅಲರ್ಜಿ. ಬಿಳಿ ವಿಗ್ಗು, ಮೇಣದ ಬತ್ತಿ, ಒಬ್ಬ ನಿರೂಪಕ. ಪ್ರತಿ ಕೃತಿಗೂ ಮೊದಲು ಒಂದು ಕಥೆ. ಕೇಳುವವನಿಗೆ ತಾನಾಗಿ ಏನಾದರೂ ಹೊಳೆಯೋಕೆ ಜಾಗವೇ ಇಲ್ಲ. ನಮ್ಮಲ್ಲೂ ತ್ಯಾಗರಾಜರ ಬಗ್ಗೆ ಇಂಥದ್ದು ಬಂದಿವೆ. ಪಂಚೆ ಉಟ್ಟು ಕಣ್ಣೀರು ಸುರಿಸುತ್ತಾರೆ, ಪಕ್ಕದಲ್ಲಿ ಕೃತಿ ಓಡುತ್ತಿರುತ್ತದೆ. ಯಾವುದನ್ನು ಕೇಳೋದು?

ಇನ್ನೊಂದು. ಹ್ಯಾಂಡೆಲ್ ಲ್ಯೂಬೆಕ್‌ಗೆ ಹೋದದ್ದು 1703, ಬಾಖ್ ಹೋದದ್ದು 1705. ನಿಮ್ಮ ಛತ್ರದಲ್ಲಿ ಅವರು ಹೇಗೆ ಸಿಗುತ್ತಾರೆ? ಇಬ್ಬರೂ 1685ರಲ್ಲಿ ತಿಂಗಳೊಪ್ಪತ್ತಿನ ಅಂತರದಲ್ಲಿ ಹುಟ್ಟಿದವರು, ಜೀವನದಲ್ಲಿ ಒಮ್ಮೆಯೂ ಭೇಟಿ ಆಗಲಿಲ್ಲ. 1719ರಲ್ಲಿ ಬಾಖ್ ಅದಕ್ಕಾಗೇ ಹ್ಯಾಂಡೆಲ್ ಹುಟ್ಟೂರು ಹಾಲೆಗೆ ಹೋದರೆ ಹ್ಯಾಂಡೆಲ್ ಆಗಲೇ ಹೊರಟುಹೋಗಿದ್ದ. ಭೇಟಿ ಆಗದೇ ಇದ್ದದ್ದೇ ಅಲ್ಲಿಯ ಸ್ವಾರಸ್ಯ. ನೀವು ಅದನ್ನೇ ಕೆಡಿಸುತ್ತಿದ್ದೀರಿ.

ಎಲ್ಬೆ_ದಡ

ಮೇಷ್ಟ್ರೇ, ವಿಗ್ಗು ಇಲ್ಲ, ಪ್ರಮಾಣ. ಬಾಡಿಗೆ ಕೇಳಿಯೇ ಕೈಬಿಟ್ಟೆವು. ಛತ್ರದ ದೃಶ್ಯದ ಬಗ್ಗೆ ನೀವು ಹೇಳಿದ್ದು ಚುಚ್ಚಿತು. ಒಂದು ವಾರ ಕೂತು ಬರೆದದ್ದು ಅದು. ಕಲ್ಪನೆಗೆ ಅಷ್ಟೂ ಸಲಿಗೆ ಇಲ್ವಾ?

ಶಾಸ್ತ್ರಿ_ಮೇಷ್ಟ್ರು

ಇದೆ. ಪಾರಿವಾಳದವನ ಬಾಯಿಗೆ ಏನು ಬೇಕಾದರೂ ಹಾಕಿ, ಯಾರೂ ಕೇಳೋದಿಲ್ಲ. ಗೊತ್ತಿರುವ ತಾರೀಖನ್ನು ತಿರುಚಬೇಡಿ ಅಷ್ಟೇ.

ಟೊರಾಂಟೋ_ಚಳಿ

ನಾನು ಮೇಷ್ಟ್ರ ಮಾತಿಗೆ ಅರ್ಧ ಒಪ್ಪುತ್ತೇನೆ. ನಮ್ಮೂರಿನ ಟಾಫೆಲ್‌ಮುಸಿಕ್ ತಂಡ ಇಂಥ ಕೆಲಸ ತುಂಬಾ ಮಾಡಿದೆ. 2009 ಖಗೋಳ ವಿಜ್ಞಾನದ ವರ್ಷ ಅಂತ ಗೆಲಿಲಿಯೋ ಸುತ್ತ ಒಂದು ಕಾರ್ಯಕ್ರಮ ಕಟ್ಟಿದರು. ಕಟ್ಟಿದವರು ಅವರದೇ ಡಬಲ್ ಬಾಸ್ ವಾದಕಿ ಆಲಿಸನ್ ಮೆಕೇ. ಅದರಲ್ಲಿ ನನಗೆ ಹಿಡಿಸಿದ್ದು ಕಥೆ ಅಲ್ಲ. ಇಡೀ ವಾದ್ಯವೃಂದ ಎಲ್ಲವನ್ನೂ ಬಾಯಿಪಾಠ ನುಡಿಸಿದ್ದು. ಎದುರಿಗೆ ಸ್ವರಪುಸ್ತಕದ ಸ್ಟ್ಯಾಂಡ್ ಇಲ್ಲ. ಹಾಗಾಗಿ ಓಡಾಡಬಹುದು, ಒಬ್ಬರ ಮುಖ ಒಬ್ಬರು ನೋಡಬಹುದು. ಪಶ್ಚಿಮದ ವಾದ್ಯವೃಂದಕ್ಕೆ ಇದು ಎಷ್ಟು ದೊಡ್ಡ ಮಾತು ಅಂತ ನಮಗೆ ಬೇಗ ಹೊಳೆಯೋದಿಲ್ಲ, ಯಾಕೆಂದರೆ ನಮ್ಮಲ್ಲಿ ಪುಸ್ತಕ ಇಟ್ಟುಕೊಂಡು ಕಛೇರಿ ಮಾಡಿದರೇ ಜನ ಆಡಿಕೊಳ್ಳುತ್ತಾರೆ.

ಸ್ಟ್ಯಾಂಡ್ ತೆಗೆದುಬಿಡಿ. ಅರ್ಧ ನಾಟಕ ತಾನಾಗೇ ಆಗುತ್ತದೆ.

ಎಲ್ಬೆ_ದಡ

ನಿನ್ನೆ ಈ ಮಾತು ತಂಡದಲ್ಲಿ ಎತ್ತಿದೆ. ಗಾಂಬಾ ನುಡಿಸುವವರು ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ "ಒಂದು ಸೊನಾಟಾ ಮಾತ್ರ" ಅಂತ ಒಪ್ಪಿದರು. ಸೊನಾಟಾ ಅಂದರೆ ಹಾಡಿಲ್ಲದೆ ವಾದ್ಯಕ್ಕೇ ಬರೆದ ಕೃತಿ. ಆರಿಸಿರೋದು ಬುಕ್ಸ್ಟೆಹೂಡೆಯದೇ. 1694ರ ಸುಮಾರಿಗೆ ಅಚ್ಚಾದ ಮೊದಲ ಸಂಪುಟದ ಏಳು ಸೊನಾಟಾಗಳಲ್ಲಿ ಒಂದು. ಪಿಟೀಲು, ಗಾಂಬಾ, ಹಾರ್ಪ್ಸಿಕಾರ್ಡ್, ನಮಗೇ ಬರೆದ ಹಾಗಿದೆ. ಕೊಳಲಿನವರು ಆ ಹೊತ್ತು ಬಾಖ್ ಆಗುತ್ತಾರೆ.

ಹಾಸನ_ಹುಡ್ಗ

ಹ್ಹ ಹ್ಹ, ಕೆಲಸ ಕೇಳೋಕೆ ಹೋಗಿ ಹೆಣ್ಣು ನೋಡೋ ಶಾಸ್ತ್ರ! ಉಪ್ಪಿಟ್ಟು ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂದು ಜಾಗ ಖಾಲಿ ಮಾಡಿದ್ದಾರೆ. ಆ ದೃಶ್ಯ ಚೆನ್ನಾಗಿ ಎಳೀರಿ ಸರ್. ಮಗಳಿಗೆ ದಪ್ಪ ಕನ್ನಡಕ, ಉಬ್ಬಲ್ಲು ಹಾಕಿ. ಚಪ್ಪಾಳೆ ಗ್ಯಾರಂಟಿ.

ಸಿರಿಗಂಧ

ನಾನು ಇಷ್ಟು ಹೊತ್ತು ಓದುತ್ತಾ ಸುಮ್ಮನಿದ್ದೆ. ಈಗ ಹೇಳಲೇಬೇಕು.

ಆ ಮಗಳಿಗೆ ಒಂದು ಹೆಸರಿದೆ. ಆನ್ನಾ ಮಾರ್ಗರೇಟಾ. 1675ರಲ್ಲಿ ಹುಟ್ಟಿದವಳು, ಅಂದರೆ ಗಾಡಿ ಬಂದು ನಿಂತಾಗ 28 ವರ್ಷ. ಬಂದವರಲ್ಲಿ ಒಬ್ಬ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವಳು ನೋಡೋಕೆ ಹೇಗಿದ್ದಳು ಅಂತ ಮಟೆಸೋನ್ ಒಂದು ಮಾತೂ ಬರೆದಿಲ್ಲ. ಮದುವೆಯ ಷರತ್ತು ತಮಗಿಬ್ಬರಿಗೂ ಬೇಡವಾಗಿತ್ತು ಅಂತ ಮಾತ್ರ ಬರೆದ. ಉಬ್ಬಲ್ಲು, ಕುರೂಪ, ಇವೆಲ್ಲ ಆಮೇಲಿನವರು ತಮಾಷೆಗೆ ಅಂಟಿಸಿದ್ದು. ಮುನ್ನೂರು ವರ್ಷದಿಂದ ಅವಳ ಬಗ್ಗೆ ನಡೆಯುತ್ತಿರೋ ಜೋಕು ಒಂದೇ.

ಇದು ಅಪ್ಪನ ಹುಚ್ಚೂ ಅಲ್ಲ. ಬುಕ್ಸ್ಟೆಹೂಡೆಗೆ ಆ ಕೆಲಸ ಸಿಕ್ಕಿದ್ದೂ ಹೀಗೇ. 1668ರಲ್ಲಿ, ತನಗಿಂತ ಮೊದಲು ಅಲ್ಲಿದ್ದ ಫ್ರಾಂಟ್ಸ್ ಟುಂಡರ್‌ನ ಮಗಳನ್ನು ಮದುವೆಯಾದ. ಆರ್ಗನ್ ವಾದಕನಿಗೆ ಮನೆ ಕೊಡುತ್ತಿದ್ದದ್ದು ಚರ್ಚು. ಅವನು ಸತ್ತರೆ ಹೆಂಡತಿ ಮಕ್ಕಳು ಎಲ್ಲಿಗೆ ಹೋಗಬೇಕು? ಮುಂದೆ ಬರುವವನು ಮನೆಯ ಹೆಣ್ಣನ್ನು ಮದುವೆ ಆದರೆ ಸೂರು ಉಳಿಯುತ್ತದೆ. ಅನುಕಂಪದ ನೌಕರಿ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ವ್ಯತ್ಯಾಸ ಏನೆಂದರೆ ನೌಕರಿ ಅವಳಿಗೆ ಸಿಗೋದಿಲ್ಲ, ನೌಕರಿ ಇರುವವನು ಸಿಗುತ್ತಾನೆ.

ನೀವು ಬರೆಯುತ್ತಿರೋದು ತಿರುಗಾಡಿದವರ ಕಥೆ ಅಂತೀರಿ. ಗಂಡಸರು ಗಾಡಿ ಹತ್ತಿ ಬರುತ್ತಾರೆ, ಗಾಡಿ ಹತ್ತಿ ಹೋಗುತ್ತಾರೆ. ಒಬ್ಬ ನಡೆದೇ ಬರುತ್ತಾನೆ. ಆ ಮನೆಯೊಳಗೆ ಇದ್ದವಳು ಎಲ್ಲಿಗೂ ಹೋಗಲಿಲ್ಲ. ಅವಳ ಎದುರಿಗೆ ನಿಲ್ಲಿಸಿದರೆ ನಿಮ್ಮ ತಿರುಗಾಟ ಬೇರೆ ಥರ ಕಾಣಬಹುದು. ಇಲ್ಲದಿದ್ದರೆ ಹುಡುಗರ ಪಿಕ್ನಿಕ್ಕು.

ಹಾಸನ_ಹುಡ್ಗ

ಅಕ್ಕ, ತಮಾಷೆಗೆ ಅಂದೆ.

ಸಿರಿಗಂಧ

ಗೊತ್ತಪ್ಪ. ಅವರೂ ತಮಾಷೆಗೇ ಅಂದದ್ದು.

ಎಲ್ಬೆ_ದಡ

ಮೇಡಂ, ಒಪ್ಪಿದೆ. ಕರಡಿನ ಆ ಎರಡು ಪುಟ ಈಗಷ್ಟೇ ಹರಿದು ಹಾಕಿದೆ. ಆದರೆ ಒಂದು ತೊಂದರೆ. ಅವಳ ಬಗ್ಗೆ ಗೊತ್ತಿರೋದು ಇಷ್ಟೇ ಇಷ್ಟು. ಬಾಯಿಗೆ ಏನು ಮಾತು ಕೊಡಲಿ? ಅಳಿಸಿದರೆ ಮೇಷ್ಟ್ರು ಹೇಳಿದ ಕಣ್ಣೀರಿನ ನಾಟಕ ಆಗುತ್ತದೆ.

ಸಿರಿಗಂಧ

ಮಾತು ಕೊಡಬೇಡಿ. ಲೆಕ್ಕ ಕೊಡಿ. ಅವರಪ್ಪ ಆರ್ಗನ್ ನುಡಿಸೋದರ ಜೊತೆ ಚರ್ಚಿನ ಲೆಕ್ಕಪತ್ರವನ್ನೂ ನೋಡಿಕೊಳ್ಳುತ್ತಿದ್ದ. ಲೆಕ್ಕದ ಮನೆಯಲ್ಲಿ ಬೆಳೆದವಳು. ಮನೆಯಲ್ಲಿ ಯಾವುದು ಚರ್ಚಿನದು, ಯಾವುದು ತಮ್ಮದು ಅಂತ ಎಣಿಸಲಿ. ಅಷ್ಟು ಸಾಕು.

ಶಾಸ್ತ್ರಿ_ಮೇಷ್ಟ್ರು

ಇದು ಚೆನ್ನಾಗಿದೆ. ಇದನ್ನು ನೋಡೋಕೆ ನಾನೂ ಬರುತ್ತಿದ್ದೆ.

ಒಂದು ಎಚ್ಚರಿಕೆ ಮಾತ್ರ. ಬಾಖ್‌ಗೂ ಮದುವೆಯ ಷರತ್ತು ಇಟ್ಟರು ಅಂತ ಕೆಲವರು ಬರೆಯುತ್ತಾರೆ. ಅದಕ್ಕೆ ದಾಖಲೆ ಇಲ್ಲ, ಊಹೆ. ಆ ಸಾಲು ಹಾಕಬೇಡಿ. ದಾಖಲೆ ಇರೋದು ಬೈಗುಳಕ್ಕೆ. ನಾಲ್ಕು ವಾರ ರಜೆ ಕೇಳಿದವನು ಮೂರು ನಾಲ್ಕು ತಿಂಗಳು ನಾಪತ್ತೆ. 1706ರ ಫೆಬ್ರವರಿಯಲ್ಲಿ ಚರ್ಚಿನ ಆಡಳಿತದವರು ಕರೆಸಿ ಕೇಳಿದರು. ತನ್ನ ವಿದ್ಯೆಯಲ್ಲಿ ಒಂದೆರಡು ಸಂಗತಿ ತಿಳಿದುಕೊಳ್ಳೋಕೆ ಹೋಗಿದ್ದೆ ಅಂದ. ಬಂದ ಮೇಲೆ ಅವನು ನುಡಿಸುವ ರೀತಿಗೇ ಜನ ದಿಕ್ಕು ತಪ್ಪುತ್ತಿದ್ದಾರೆ, ಪ್ರಾರ್ಥನೆ ಹಾಡಿನ ಮಧ್ಯೆ ವಿಚಿತ್ರ ಸ್ವರ ಸೇರಿಸುತ್ತಾನೆ ಅಂತಲೂ ದೂರು. ಅಂದರೆ ಕಲಿತು ಬಂದಿದ್ದು ಕೇಳಿಸುತ್ತಿತ್ತು.

ಲ್ಯೂಬೆಕ್‌ನ ಸಂಜೆ ಕಛೇರಿಗಳನ್ನೂ ಮರೆಯಬೇಡಿ. ಕ್ರಿಸ್‌ಮಸ್‌ಗೆ ಮುಂಚಿನ ಭಾನುವಾರಗಳಲ್ಲಿ ನಡೆಯುತ್ತಿದ್ದವು. ದುಡ್ಡು ಊರಿನ ವ್ಯಾಪಾರಿಗಳದು, ಕೇಳುವವರಿಗೆ ಪುಕ್ಕಟೆ. ನಮ್ಮ ರಾಮನವಮಿ ಪೆಂಡಾಲಿನ ಹಾಗೆ. ಬಾಖ್ ರಜೆ ಮೀರಿ ಉಳಿದದ್ದು ಅದಕ್ಕೇ ಇರಬೇಕು.

ಮೈಸೂರ್_ಪಾಕ

ಪಶ್ಚಿಮ ಸಂಗೀತಕ್ಕೂ ನಮಗೂ ನಂಟು ಹಳೇದು. ಜಯಚಾಮರಾಜ ಒಡೆಯರ್ ಅವರು ರಷ್ಯಾದ ಮೆಡ್ನರ್ ಅವರ ಸಂಗೀತ ಲಂಡನ್‌ನಲ್ಲಿ ರೆಕಾರ್ಡ್ ಆಗೋಕೆ ದುಡ್ಡು ಕೊಟ್ಟವರು. ಅದನ್ನೂ ಸೇರಿಸಬಹುದಲ್ಲ?

ನಿರ್ವಾಹಕ

ಒಳ್ಳೇ ವಿಷಯ, ಆದರೆ ಮೆಡ್ನರ್ ಇಪ್ಪತ್ತನೇ ಶತಮಾನ. ಬೇರೆ ಥ್ರೆಡ್ ತೆರೆಯಿರಿ, ನಾನೇ ಮೊದಲು ಬರುತ್ತೇನೆ.

ಕರುಳ್_ತಂತಿ

ಕಥೆ ಎಲ್ಲ ಆಯಿತು, ಕೆಲಸದ ಮಾತು. ತಂತಿ ಯಾವುದು ಹಾಕುತ್ತಿದ್ದೀರಿ? ಕುರಿ ಕರುಳಿನ ತಂತಿ ಆದರೆ ಒಂದು ಮಾತು ನೆನಪಿಡಿ. ಖಾಲಿ ಹಾಲ್‌ನಲ್ಲಿ ಶ್ರುತಿ ಮಾಡಿ ಇಟ್ಟಿರುತ್ತೀರಿ. ಜನ ಬಂದು ಕೂರುತ್ತಾರೆ, ಒದ್ದೆ ಕೋಟು, ಉಸಿರು, ದೀಪದ ಬಿಸಿ. ಹತ್ತು ನಿಮಿಷದಲ್ಲಿ ತಂತಿ ತನ್ನ ದಾರಿ ಹಿಡಿಯುತ್ತದೆ. ಹಾರ್ಪ್ಸಿಕಾರ್ಡ್ ಮರದ ಹಲಗೆಯೂ ಹಾಗೇ. ನಡುವೆ ಒಂದು ಸಲ ಪೂರ್ತಿ ಶ್ರುತಿ ಮಾಡಲೇಬೇಕು. ಅದಕ್ಕೆ ಸಮಯ ಇಟ್ಟಿದ್ದೀರಾ?

ತಿರುಗಾಟದಲ್ಲಿ ನಿಜವಾದ ಗೋಳು ಇದೇ. ಆಗ ಊರಿಗೊಂದು ಶ್ರುತಿ. ಜರ್ಮನ್ ಚರ್ಚುಗಳ ಆರ್ಗನ್ ಸಾಮಾನ್ಯವಾಗಿ ಮೇಲಿನ ಶ್ರುತಿಯಲ್ಲಿ ಇರುತ್ತಿತ್ತು, ಅರಮನೆಯ ಕೋಣೆಗಳಲ್ಲಿ ನುಡಿಸೋದು ಕೆಳಗೆ. ರೋಮ್ ಕೆಳಗೆ, ವೆನಿಸ್ ಮೇಲೆ. ಕೊಳಲಿನವರು ಮುಂದೆ ಮುಂದೆ ಉದ್ದ ಬೇರೆ ಬೇರೆ ಇರುವ ನಡುತುಂಡುಗಳನ್ನೇ ಜೊತೆಗೆ ಒಯ್ಯತೊಡಗಿದರು, ಊರಿಗೆ ತಕ್ಕದ್ದು ಜೋಡಿಸಿಕೊಳ್ಳೋಕೆ. ಈಗ ಬರೋಕ್ ತಂಡಗಳು ಶ್ರುತಿಯ ಸ್ವರಕ್ಕೆ ಸೆಕೆಂಡಿಗೆ 440 ಕಂಪನದ ಬದಲು 415 ಅಂತ ಒಪ್ಪಿಕೊಂಡಿವೆ. ಹಾರ್ಮೋನಿಯಂ ಲೆಕ್ಕದಲ್ಲಿ ಪಕ್ಕದ ಮನೆ, ಅಷ್ಟೇ. ಅದು ನಮ್ಮ ಕಾಲದ ರಾಜಿ, ಅವರದಲ್ಲ.

ಎಲ್ಬೆ_ದಡ

ಶ್ರುತಿಗೆ ಸಮಯ ಇಟ್ಟಿರಲಿಲ್ಲ! ಎಂಟು ನಿಮಿಷ ಎಲ್ಲಿಂದ ತರಲಿ?

ಸಿರಿಗಂಧ

ಲೆಕ್ಕ ಎಣಿಸೋಕೆ ಎಷ್ಟು ಹೊತ್ತು ಬೇಕು ಅಂದುಕೊಂಡಿದ್ದೀರಿ?

ಎಲ್ಬೆ_ದಡ

ಓ.

(ಆರು ವಾರದ ಮೇಲೆ)

ಎಲ್ಬೆ_ದಡ

ಕಛೇರಿ ಆಯಿತು. ಎಪ್ಪತ್ತು ಕುರ್ಚಿ, ಅರವತ್ತೆರಡು ಜನ. ವರದಿ ಒಪ್ಪಿಸುತ್ತಿದ್ದೇನೆ.

ಅದಕ್ಕೂ ಮುಂಚೆ, ಹಿಂದಿನ ಭಾನುವಾರ ನಾಲ್ಕೂ ಜನ ಲ್ಯೂಬೆಕ್‌ಗೆ ಹೋಗಿದ್ದೆವು. ರೈಲಿನಲ್ಲಿ ಮುಕ್ಕಾಲು ಗಂಟೆ. ಫ್ಯೂಗ್ ಕಟ್ಟೋಣ ಅಂತ ನೋಡಿದೆವು, ಎರಡು ನಿಲ್ದಾಣ ದಾಟುವಷ್ಟರಲ್ಲಿ ಜಗಳ. ಆ ಚರ್ಚು ಇಟ್ಟಿಗೆಯದು, ಕತ್ತೆತ್ತಿದರೆ ಟೋಪಿ ಬೀಳುವಷ್ಟು ಎತ್ತರ. ಬುಕ್ಸ್ಟೆಹೂಡೆ ನುಡಿಸಿದ ಆರ್ಗನ್ನುಗಳು ಈಗ ಇಲ್ಲ. 1942ರಲ್ಲಿ ಬಾಂಬು ಬಿದ್ದು ಚರ್ಚೇ ಹೊತ್ತಿ ಉರಿಯಿತು. ಗೋಪುರದಿಂದ ಬಿದ್ದ ಗಂಟೆಗಳು ಬಿದ್ದ ಜಾಗದಲ್ಲೇ ಇವೆ. ಅರ್ಧ ಕರಗಿ, ಒಡೆದು, ನೆಲದ ಕಲ್ಲಿನೊಳಗೆ ಹೂತುಕೊಂಡು. ಎತ್ತಿಲ್ಲ. ಗಾಂಬಾದವರು ಅಲ್ಲಿ ತುಂಬಾ ಹೊತ್ತು ನಿಂತಿದ್ದರು. ವಾಪಸ್ ಬರುವಾಗ "ಸೊನಾಟಾ ಸ್ವಲ್ಪ ನಿಧಾನ ತಗೊಳ್ಳೋಣ" ಅಂದರು, ಬೇರೇನೂ ಹೇಳಲಿಲ್ಲ.

ಗಾಡಿಗೆ ಎರಡು ಬೆಂಚು ಎದುರುಬದುರು. ಮಟೆಸೋನ್ ಹೇಳಿದ ಇನ್ನೊಬ್ಬನನ್ನೂ ಸೇರಿಸಿದೆ. ಅವರಿಬ್ಬರೂ ಹ್ಯಾಂಬರ್ಗ್‌ನ ಚರ್ಚಿನಲ್ಲಿ ಆರ್ಗನ್ ನುಡಿಸುವಾಗ ಗಾಳಿ ತಿದಿ ತುಳಿಯುತ್ತಿದ್ದ ಹುಡುಗ, ಬೇಕರಿಯವನ ಮಗ. ನುಡಿಸಿದವರಿಗೆ ಹೆಸರು ಬಂತು, ತುಳಿದವನ ಹೆಸರೂ ಉಳಿಯಲಿಲ್ಲ. ನಿರೂಪಣೆ ಅವನ ಬಾಯಲ್ಲಿ ಇಟ್ಟೆ. ಮೇಷ್ಟ್ರೇ, ಕಥೆ ಕಮ್ಮಿ ಮಾಡಿದೆ. ಒಟ್ಟು ಮಾತು ಹದಿನಾಲ್ಕು ನಿಮಿಷ.

ಛತ್ರದ ಭೇಟಿ ತೆಗೆದೆ. ಗಾಡಿಯ ಬೆಂಚು ಖಾಲಿ ಬಿದ್ದಿರುತ್ತದೆ. ಬಾಖ್ ನಡೆದು ಬಂದು ಅದೇ ಬೆಂಚಿನ ಮೇಲೆ ಕೂತು, ಬೂಟು ಬಿಚ್ಚಿ, ಒಳಗಿನ ಕಲ್ಲು ಕೊಡವಿ, ಮತ್ತೆ ಹಾಕಿಕೊಂಡು ಹೊರಡುತ್ತಾನೆ. ಹಿಂದಿನ ದೃಶ್ಯದಲ್ಲಿ ಹ್ಯಾಂಡೆಲ್ ಕೂತಿದ್ದ ಜಾಗ ಅದು. ಯಾರೂ ಏನೂ ಹೇಳೋದಿಲ್ಲ. ಕೆಲವರಿಗೆ ಹೊಳೆಯಿತು, ಕೆಲವರಿಗೆ ಇಲ್ಲ. ಪರವಾಗಿಲ್ಲ.

ಇನ್ನು ಆನ್ನಾ ಮಾರ್ಗರೇಟಾ. ನಮ್ಮ ಹಾರ್ಪ್ಸಿಕಾರ್ಡ್‌ನವರೇ ಆ ಪಾತ್ರ. ಕೋಟು ತೆಗೆದು ಕುರ್ಚಿಗೆ ಹಾಕಿ, ಶ್ರುತಿ ಕೀಲಿ ಕೈಗೆ ತಗೊಂಡರು. ಒಂದು ತಂತಿ ಮೀಟುತ್ತಾರೆ, ತಿರುಗಿಸುತ್ತಾರೆ, ಕೂಡಿತು ಅನ್ನಿಸಿದ ಮೇಲೆ ಹೇಳುತ್ತಾರೆ. "ಈ ಮೇಜು ಚರ್ಚಿನದು." ಇನ್ನೊಂದು ತಂತಿ. "ಈ ಹಾಸಿಗೆ ನಮ್ಮದು." ಇನ್ನೊಂದು. "ಕಿಟಕಿ ಚರ್ಚಿನದು. ಪರದೆ ನಮ್ಮದು." ಎಲ್ಲೂ ದನಿ ಏರಿಸಲಿಲ್ಲ, ಸಂತೆ ಚೀಟಿ ಓದಿದ ಹಾಗೆ. ಒಂದು ತಂತಿ ಹಟ ಹಿಡಿಯಿತು, ಏರಿಸಿದರೆ ಇಳಿಯುತ್ತೆ. ನಾಲ್ಕು ಸಲ ತಿರುಗಿಸಿದರು. ಅಷ್ಟೂ ಹೊತ್ತು ಜನ ಉಸಿರು ಬಿಗಿಹಿಡಿದು ಕಾದರು, ಮುಂದಿನ ವಸ್ತು ಯಾರದು ಅಂತ. ಅದು ನಾಟಕದ್ದಲ್ಲ, ನಿಜವಾಗೂ ತಂತಿ ನಿಲ್ಲುತ್ತಿರಲಿಲ್ಲ. ಕರುಳ್_ತಂತಿ ಅವರೇ, ನಾನು ಅಂದುಕೊಂಡ ಎಂಟು ನಿಮಿಷ ಹನ್ನೊಂದಾಯಿತು, ಯಾರೂ ಕೆಮ್ಮಲಿಲ್ಲ.

ಆಮೇಲೆ ಸೊನಾಟಾ, ಬಾಯಿಪಾಠ. ನಿಧಾನದ ಭಾಗದಲ್ಲಿ ಗಾಂಬಾದವರು ಒಂದು ಸಾಲು ಮರೆತು ಹಿಂದಿನದನ್ನೇ ಮತ್ತೆ ನುಡಿಸಿದರು. ನಾನೂ ಅಲ್ಲಿಗೇ ಹೋದೆ. ಕಣ್ಣಲ್ಲೇ ಮಾತಾಡಿಕೊಂಡು ಹೇಗೋ ದಡ ಸೇರಿದೆವು. ಸ್ಟ್ಯಾಂಡ್ ಇದ್ದಿದ್ದರೆ ಇಬ್ಬರೂ ಕಾಗದ ನೋಡಿಕೊಂಡು ಬೇರೆ ಬೇರೆ ಕಡೆ ಹೋಗಿರುತ್ತಿದ್ದೆವು.

ಟೊರಾಂಟೋ_ಚಳಿ

ಸಂಗತಿ ಹಾಕಿದೆವು ಅಂತ ಹೇಳಿಬಿಡಬೇಕಿತ್ತು.

ಸಿರಿಗಂಧ

ಓದಿ ಸುಮ್ಮನೆ ಕೂತೆ. ಮುಗಿದ ಮೇಲೆ ಯಾರಾದರೂ ಅವಳ ಬಗ್ಗೆ ಕೇಳಿದರಾ?

ಎಲ್ಬೆ_ದಡ

ಒಬ್ಬ ಅಜ್ಜಿ ಕೇಳಿದರು. ಕೋಟು ಹಾಕಿಕೊಳ್ಳುತ್ತಾ, "ಕೊನೆಗೆ ಅವಳಿಗೆ ಮನೆ ಉಳಿಯಿತಾ?" ಅಂತ. ಮದುವೆ ಆಯಿತಾ ಅಂತ ಕೇಳಲಿಲ್ಲ ನೋಡಿ. ಉಳಿಯಿತು ಅಂದೆ. 1707ರಲ್ಲಿ ಬುಕ್ಸ್ಟೆಹೂಡೆ ತೀರಿಕೊಂಡರು. ಅದೇ ವರ್ಷ ಶೀಫರ್‌ಡೆಕರ್ ಅನ್ನುವವನು ಕೆಲಸಕ್ಕೆ ಸೇರಿ ಅವಳನ್ನು ಮದುವೆಯಾದ. ಅವನೂ ನಮ್ಮ ಹ್ಯಾಂಬರ್ಗ್ ಒಪೆರಾದಲ್ಲಿ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದವನೇ. ಅಜ್ಜಿ "ಹಂ" ಅಂದು ಹೊರಟರು.

ಶಾಸ್ತ್ರಿ_ಮೇಷ್ಟ್ರು

ಇನ್ನೊಂದು ಊರಿನಲ್ಲಿ ಮಾಡುತ್ತೀರಾ? ತಿರುಗಾಟ ಅಂತ ಹೆಸರಿಟ್ಟು ಒಂದೇ ಕಡೆ ಮಾಡಿದರೆ ಹೇಗೆ?

ಎಲ್ಬೆ_ದಡ

ಹಾರ್ಪ್ಸಿಕಾರ್ಡ್ ಸಾಗಿಸೋಕೆ ವ್ಯಾನ್ ಸಿಕ್ಕರೆ. ಅವರ ಕಾಲದ್ದೂ ಇದೇ ಪಾಡಲ್ವಾ ಮೇಷ್ಟ್ರೇ.

ಮಂಗಳೂರ್_ಮದ್ದಲೆ

ಎಲ್ಲ ಸರಿ ಮಾರಾಯ್ರೇ, ಪಾರಿವಾಳದವನ ವೇಷ ಯಾರದ್ದು? ಅದನ್ನೇ ಹೇಳಲಿಲ್ಲ.

ಎಲ್ಬೆ_ದಡ

ನನ್ನದೇ. ಬುಟ್ಟಿಯಲ್ಲಿ ಪಾರಿವಾಳ ಇರಲಿಲ್ಲ. ಎರಡು ಬದಲಿ ತಂತಿ, ಕಮಾನಿಗೆ ಹಚ್ಚುವ ರಾಳ, ಮತ್ತೆ ರಾತ್ರಿಯ ಚಪಾತಿ ಡಬ್ಬಿ.